ಯಾರು ಯಾರಿಗೆ ನೆಂಟರು? ಜೀವಿಗಳ ವಂಶವೃಕ್ಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಿಮಿಂಗಿಲಕ್ಕೆ ನೀರಾನೆ ನೆಂಟ, ಅಣಬೆ ಗಿಡಕ್ಕಿಂತ ನಮಗೇ ಹತ್ತಿರ ಅಂತ ಹೇಳಿದರೆ ಕೇಳಿದವರು ಮೊದಲು ಹುಬ್ಬೇರಿಸುತ್ತಾರೆ. ಆಮೇಲೆ ಕೇಳುವ ಪ್ರಶ್ನೆ ಒಂದೇ: "ಅದು ಹೇಗೆ ಗೊತ್ತಾಯ್ತು?" ಕೇಳಬೇಕಾದ ಪ್ರಶ್ನೆಯೇ ಅದು. ಅದರ ಸುತ್ತಮುತ್ತ ಬರುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ನೇರಳೆ, ಹಿಪ್ಪುನೇರಳೆ ಎರಡೂ ಸಂಬಂಧಿಗಳಾ?

ಹತ್ತಿರದ ಸಂಬಂಧಿಗಳಲ್ಲ. ಹೆಸರು ಕೇಳಿದರೆ ಅಕ್ಕತಂಗಿಯರ ಹಾಗಿದೆ. ತಿಂದರೆ ಎರಡೂ ನಾಲಿಗೆಗೆ ಬಣ್ಣ ಹಚ್ಚುತ್ತವೆ. ಆದರೆ ರೇಷ್ಮೆ ಹುಳು ತಿನ್ನುವ ಹಿಪ್ಪುನೇರಳೆ ಆಲ, ಅರಳಿ, ಅತ್ತಿ, ಹಲಸಿನ ಕುಟುಂಬಕ್ಕೆ ಸೇರಿದ್ದು. ಎಲೆ ಕಿತ್ತರೆ ಹಾಲು ಒಸರುವ ಕುಟುಂಬ ಅದು. ನೇರಳೆಯ ಮನೆತನವೇ ಬೇರೆ. ಪನ್ನೇರಳೆ, ಸೀಬೆ, ನೀಲಗಿರಿ ಮತ್ತು ನಮ್ಮ ಅಡುಗೆಮನೆಯ ಲವಂಗ ಅದರ ಬಳಗ. ಕರಾವಳಿಯವರು ಸೀಬೆಯನ್ನು ಪೇರಳೆ ಅನ್ನುತ್ತಾರೆ. ಅಲ್ಲಿ ಮಾತ್ರ ಹೆಸರಿನ ಪ್ರಾಸ ಸಂಬಂಧಕ್ಕೂ ಹೊಂದಿಕೊಂಡುಬಿಟ್ಟಿದೆ!

ಹೆಸರು ಇಟ್ಟವರ ತಪ್ಪೇನೂ ಇಲ್ಲ. ಜನ ಹೆಸರು ಇಡುವುದು ರುಚಿ, ಬಣ್ಣ, ಬಳಕೆ ನೋಡಿ. ಜೀವವಿಜ್ಞಾನಿ ಕೇಳುವ ಪ್ರಶ್ನೆ ಬೇರೆ.

ಹಾಗಾದರೆ "ಹತ್ತಿರದ ಸಂಬಂಧ" ಅಂದರೆ ಏನು?

ಮನೆಯಲ್ಲಿ ಲೆಕ್ಕ ಹಾಕುವ ಹಾಗೇ. ನಿಮಗೂ ನಿಮ್ಮ ತಂಗಿಗೂ ಅಪ್ಪ ಅಮ್ಮ ಒಬ್ಬರೇ. ದೊಡ್ಡಪ್ಪನ ಮಕ್ಕಳಿಗೂ ನಿಮಗೂ ಅಜ್ಜ ಒಬ್ಬರೇ. ತಂಗಿಯ ಜೊತೆಗಿನ ಕೊಂಡಿ ಒಂದು ತಲೆಮಾರಿನಷ್ಟು ಈಚೆಗಿದೆ, ಅದಕ್ಕೆ ಅವಳು ಹತ್ತಿರ. ಇಲ್ಲಿ ಮುಖದ ಹೋಲಿಕೆ ಲೆಕ್ಕಕ್ಕೆ ಬರುವುದಿಲ್ಲ. ನೀವು ತಂಗಿಗಿಂತ ದೊಡ್ಡಪ್ಪನ ಮಗನನ್ನೇ ಹೋಲಬಹುದು. ಹಾಗಂತ ಸಂಬಂಧ ಬದಲಾಗುತ್ತದಾ?

ಜೀವಿಗಳಲ್ಲೂ ಅಷ್ಟೇ. ಡಾಲ್ಫಿನ್ ನೋಡಲು ಶಾರ್ಕ್ ಹಾಗೆ, ಆದರೆ ಹಟ್ಟಿಯಲ್ಲಿರುವ ಹಸುವೇ ಅದಕ್ಕೆ ಹತ್ತಿರ. ಡಾಲ್ಫಿನ್ ಮತ್ತು ಹಸುವಿನ ಸಮಾನ ಪೂರ್ವಜ ಶಾರ್ಕ್‌ನ ಕವಲು ಬೇರೆಯಾದ ಎಷ್ಟೋ ಕೋಟಿ ವರ್ಷಗಳ ನಂತರ ಬದುಕಿದ್ದ ಜೀವಿ. ವಂಶವೃಕ್ಷ ಬಿಡಿಸುವುದು ಅಂದರೆ ಈ ಕವಲುಗಳ ಕ್ರಮ ಹುಡುಕುವುದು. ಡಾರ್ವಿನ್ 1837ರಲ್ಲೇ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಅಂಥ ಒಂದು ಪುಟ್ಟ ಮರ ಗೀಚಿದ್ದರು.

ನೋಡಲು ಒಂದೇ ಥರ ಇದ್ದರೆ ಸಾಕಲ್ವಾ?

ಸಾಲದು. ಒಂದೇ ಥರದ ಬದುಕು ನಡೆಸುವ ಜೀವಿಗಳು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಆಕಾರಕ್ಕೆ ತಲುಪುತ್ತವೆ. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳನ್ನೇ ನೋಡಿ. ಅಮೆರಿಕದ ರಣಹದ್ದುಗಳಿಗೂ ಹಾಗೇ ಪುಕ್ಕವಿಲ್ಲದ ತಲೆ, ಅಗಲ ರೆಕ್ಕೆ, ಅದೇ ಸತ್ತ ಪ್ರಾಣಿಯ ಊಟ. ಆದರೆ ನಮ್ಮ ರಣಹದ್ದಿಗೆ ಅವಕ್ಕಿಂತ ನಮ್ಮದೇ ಹದ್ದು, ಗಿಡುಗಗಳು ಹತ್ತಿರ. ಆ ಬೋಳು ತಲೆ ಎರಡು ಸಲ ಪ್ರತ್ಯೇಕವಾಗಿ ಹುಟ್ಟಿಕೊಂಡಿದೆ.

ಕೈಯಲ್ಲಿ ಹಿಡಿದು ನೋಡಬಹುದಾದ ಉದಾಹರಣೆಯೂ ಒಂದಿದೆ. ಒಂದು ನೀಲಗಿರಿ ಎಲೆ, ಒಂದು ನಿಂಬೆ ಎಲೆ ತೆಗೆದುಕೊಳ್ಳಿ. ಎರಡನ್ನೂ ಬಿಸಿಲಿಗೆ ಅಡ್ಡ ಹಿಡಿಯಿರಿ. ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಬೆಳಕಿನ ಚುಕ್ಕಿಗಳು ಕಾಣುತ್ತವೆ. ಅವು ಎಣ್ಣೆಯ ಗುಳ್ಳೆಗಳು. ಎಲೆ ಹಿಸುಕಿದಾಗ ಘಮ್ಮೆನ್ನುವುದು ಅದೇ ಎಣ್ಣೆ. ಚುಕ್ಕಿ ಒಂದೇ ಥರ ಇದೆ ಅಂತ ಇವೆರಡನ್ನೂ ಒಂದೇ ಕುಟುಂಬಕ್ಕೆ ಹಾಕಬೇಕು ಅನಿಸುತ್ತದೆ.

ಈಗ ಹಣ್ಣು ನೋಡಿ. ನೀಲಗಿರಿಯ ಬಳಗದ ಸೀಬೆಹಣ್ಣಿನಲ್ಲಿ ಒಣಗಿದ ಪುಷ್ಪಪಾತ್ರೆ (ಹೂವಿನ ದಳಗಳ ಹೊರಗಿನ ಹಸಿರು ಸುತ್ತು) ತೊಟ್ಟಿನ ಎದುರು ತುದಿಯಲ್ಲಿ ಕಿರೀಟದ ಹಾಗೆ ಕೂತಿರುತ್ತದೆ. ನಿಂಬೆಹಣ್ಣಿನಲ್ಲಿ ಅದು ತೊಟ್ಟಿನ ಬುಡದಲ್ಲೇ ಪುಟ್ಟ ಹಸಿರು ನಕ್ಷತ್ರದ ಹಾಗೆ ಅಂಟಿಕೊಂಡಿರುತ್ತದೆ. ಅಂದರೆ ಸೀಬೆಯಲ್ಲಿ ಅಂಡಾಶಯ ಹೂವಿನ ಕೆಳಗಿದೆ, ನಿಂಬೆಯಲ್ಲಿ ಹೂವಿನ ಒಳಗೆ, ಮೇಲಿದೆ. ಹೂವಿನ ಕಟ್ಟಡವೇ ಬೇರೆ. ಡಿಎನ್‌ಎ ಕೂಡ ಇದನ್ನೇ ಹೇಳುತ್ತದೆ. ನಿಂಬೆ, ಕರಿಬೇವು, ಬಿಲ್ವ ಒಂದು ಕುಟುಂಬ. ನೇರಳೆ, ಸೀಬೆ, ನೀಲಗಿರಿ ಇನ್ನೊಂದು. ನಿಂಬೆಗೆ ನೀಲಗಿರಿಗಿಂತ ಮಾವು, ಬೇವು ಹತ್ತಿರದವು. ಅವುಗಳ ಎಲೆಯಲ್ಲಿ ಇಂಥ ಚುಕ್ಕಿ ಕಾಣದಿದ್ದರೂ ಸರಿ.

ಹಾಗಾದರೆ ಯಾವ ಹೋಲಿಕೆಯನ್ನು ನಂಬಬೇಕು?

ಇಡೀ ವಿಷಯದ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೋಗೋಣ.

ಹಳೆಯ ತಾಳೆಗರಿ ಓಲೆಗಳನ್ನು ಪರಿಷ್ಕರಿಸುವವರು ಏನು ಮಾಡುತ್ತಾರೆ? ಒಂದೇ ಕಾವ್ಯದ ಹತ್ತು ಪ್ರತಿ ಸಿಕ್ಕಿವೆ ಅಂದುಕೊಳ್ಳಿ. ಹತ್ತರಲ್ಲೂ ಸರಿಯಾಗಿರುವ ಸಾಲಿನಿಂದ ಯಾವ ಪ್ರತಿ ಯಾವುದನ್ನು ನೋಡಿ ಬರೆದದ್ದು ಅಂತ ತಿಳಿಯುವುದಿಲ್ಲ. ಮೂಲದಲ್ಲಿದ್ದದ್ದೇ ಎಲ್ಲದರಲ್ಲೂ ಉಳಿದಿದೆ, ಅಷ್ಟೇ. ಆದರೆ ಮೂರು ಪ್ರತಿಗಳಲ್ಲಿ ಮಾತ್ರ ಒಂದು ಪದ್ಯ ಬಿಟ್ಟುಹೋಗಿದ್ದರೆ? ಆ ಮೂರಕ್ಕೂ ಒಂದೇ ಮಾತೃಪ್ರತಿ ಇದ್ದಿರಬೇಕು. ಮೊದಲು ಪದ್ಯ ಬಿಟ್ಟವನು ಒಬ್ಬ, ಉಳಿದವರು ಅದನ್ನೇ ನಕಲು ಮಾಡಿದ್ದಾರೆ.

ಜೀವಿಗಳಲ್ಲೂ ಸಂಬಂಧ ತೋರಿಸುವುದು ಇಂಥ ಹೊಸ ಬದಲಾವಣೆಗಳು. ಹಳೆಯದು ಉಳಿದುಕೊಂಡಿದ್ದರೆ ಅದರಿಂದ ಸುಳಿವು ಸಿಗುವುದಿಲ್ಲ. ಹಲ್ಲಿಗೂ ನಮಗೂ ಕಾಲಿಗೆ ಐದೈದು ಬೆರಳು. ಕುದುರೆಗೆ ಒಂದೇ. ಹಾಗಂತ ನಾವು ಕುದುರೆಗಿಂತ ಹಲ್ಲಿಗೆ ಹತ್ತಿರ ಅನ್ನಲಾಗದು. ಐದು ಬೆರಳು ಹಳೆಯ ಆಸ್ತಿ. ಕೂದಲು, ಮರಿಗೆ ಹಾಲು ಕೊಡುವುದು ಇವೆಲ್ಲ ಆಮೇಲೆ ಬಂದವು. ಅವು ಕುದುರೆಗೂ ಇವೆ, ನಮಗೂ ಇವೆ, ಹಲ್ಲಿಗಿಲ್ಲ. ಈ ನಿಯಮವನ್ನು ಖಚಿತವಾಗಿ ಕಟ್ಟಿಕೊಟ್ಟವರು ವಿಲ್ಲಿ ಹೆನ್ನಿಗ್ ಎಂಬ ಜರ್ಮನ್ ಕೀಟವಿಜ್ಞಾನಿ, 1950ರಲ್ಲಿ. ಇದು ಪುಟ್ಟ ವಿಚಾರದ ಹಾಗೆ ಕಾಣುತ್ತದೆ. ನನ್ನ ಮಟ್ಟಿಗೆ ಡಾರ್ವಿನ್ ನಂತರ ಈ ಕ್ಷೇತ್ರದಲ್ಲಿ ಬಂದ ದೊಡ್ಡ ಹೆಜ್ಜೆ ಇದೇ.

ಯಾವುದು ಹಳೆಯದು, ಯಾವುದು ಹೊಸದು ಅಂತ ತಿಳಿಯಲು ಗುಂಪಿನ ಹೊರಗಿನ ಒಬ್ಬ ಸಾಕ್ಷಿಯನ್ನು ಕರೆತರುತ್ತಾರೆ. ಮೇಲಿನ ಉದಾಹರಣೆಯಲ್ಲಿ ಕಪ್ಪೆ ಆ ಕೆಲಸ ಮಾಡಬಹುದು. ಕಪ್ಪೆಗೆ ಕೂದಲಿಲ್ಲ. ಹಾಗಾಗಿ ಕೂದಲು ಹೊಸದು.

ಡಿಎನ್‌ಎ ಹೋಲಿಸುವುದು ಹೇಗೆ?

ಡಿಎನ್‌ಎ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ: ಎ, ಸಿ, ಜಿ, ಟಿ. ಒಂದೇ ಜೀನನ್ನು ಬೇರೆ ಬೇರೆ ಜೀವಿಗಳಿಂದ ಓದಿ, ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸುತ್ತಾರೆ. ಕಲಿಯಲಿಕ್ಕಾಗಿ ಆರು ಅಕ್ಷರದ ಸಾಲುಗಳನ್ನು ನಾವೇ ಮಾಡಿಕೊಳ್ಳೋಣ. ನಿಜವಾದ ಜೀನಿನಲ್ಲಿ ಸಾವಿರಾರು ಅಕ್ಷರ ಇರುತ್ತವೆ.

ನೇರಳೆ: ಎ ಸಿ ಜಿ ಟಿ ಟಿ ಎ
ಲವಂಗ: ಎ ಸಿ ಜಿ ಟಿ ಟಿ ಜಿ
ಸೀಬೆ: ಎ ಸಿ ಜಿ ಎ ಸಿ ಎ
ನಿಂಬೆ: ಎ ಸಿ ಟಿ ಎ ಸಿ ಎ

ನಿಂಬೆ ಇಲ್ಲಿ ಹೊರಗಿನ ಸಾಕ್ಷಿ. ಮೊದಲ ಎರಡು ಕಂಬದಲ್ಲಿ ಎಲ್ಲರದ್ದೂ ಒಂದೇ, ಉಪಯೋಗವಿಲ್ಲ. ಮೂರನೆಯದು ನಿಂಬೆಯನ್ನು ಉಳಿದವರಿಂದ ಬೇರೆ ಮಾಡುತ್ತದೆ, ಉಳಿದ ಮೂವರ ನಡುವಿನ ಸಂಬಂಧ ಹೇಳುವುದಿಲ್ಲ. ಆರನೆಯದರಲ್ಲಿ ಲವಂಗ ಒಂದೇ ಬದಲಾಗಿದೆ. ಅದು ಲವಂಗದ ಸ್ವಂತ ವಿಷಯ. ಕೆಲಸಕ್ಕೆ ಬರುವುದು ನಾಲ್ಕು ಮತ್ತು ಐದು. ಅಲ್ಲಿ ನೇರಳೆ, ಲವಂಗ ಎರಡರಲ್ಲೂ ಟಿ ಇದೆ. ಸೀಬೆಯಲ್ಲೂ ನಿಂಬೆಯಲ್ಲೂ ಹಳೆಯ ಅಕ್ಷರವೇ ಉಳಿದಿದೆ. ಅಂದರೆ ಆ ಟಿ ಹೊಸದು, ನೇರಳೆ ಲವಂಗಗಳ ಸಮಾನ ಪೂರ್ವಜನಲ್ಲಿ ಬಂದದ್ದು. ನಿಜ ಜೀವನದಲ್ಲೂ ಇವೆರಡೂ ಒಂದೇ ಕುಲದವು (ಕುಲ ಅಂದರೆ ಕುಟುಂಬದೊಳಗಿನ ಸಣ್ಣ ಗುಂಪು), ಸೀಬೆಯದ್ದು ಬೇರೆ ಕುಲ.

ನಿಜವಾದ ಡಿಎನ್‌ಎ ಇಷ್ಟು ಸಾಧು ಅಲ್ಲ. ಒಂದೇ ಜಾಗ ಎರಡು ಸಲ ಬದಲಾಗಿರಬಹುದು, ಕೆಲವು ಅಕ್ಷರ ಬಿದ್ದುಹೋಗಿರಬಹುದು. ಹಾಗಾಗಿ ಸಾಲು ಜೋಡಿಸುವುದೇ ಕಷ್ಟದ ಕೆಲಸ. ಅಲ್ಲಿ ಎಡವಿದರೆ ಮುಂದಿನದೆಲ್ಲ ತಪ್ಪು.

ಇದಕ್ಕೆ ಕಂಪ್ಯೂಟರ್ ಯಾಕೆ ಬೇಕು?

ಸಾಧ್ಯವಿರುವ ಮರಗಳ ಸಂಖ್ಯೆ ಆ ಥರ ಏರುತ್ತದೆ. ಮೂರು ಜೀವಿಗಳಿದ್ದರೆ 3 ಮರ. ನಾಲ್ಕಕ್ಕೆ 15. ಹತ್ತಕ್ಕೆ 3,44,59,425. ಇಪ್ಪತ್ತಕ್ಕೆ ಸುಮಾರು 8ರ ಮುಂದೆ 21 ಸೊನ್ನೆ ಹಾಕಿದಷ್ಟು! ಎಲ್ಲವನ್ನೂ ಪರೀಕ್ಷಿಸಲು ಕಂಪ್ಯೂಟರಿಗೂ ಆಗದು. ಚೆನ್ನಾಗಿ ಹೊಂದುವ ಮರದ ಹತ್ತಿರ ಹೋಗಿ, ಅಲ್ಲಿ ಸುತ್ತಮುತ್ತ ಹುಡುಕುತ್ತದೆ.

"ಚೆನ್ನಾಗಿ ಹೊಂದುವುದು" ಅನ್ನುವುದಕ್ಕೆ ಎರಡು ಮೂರು ಅಳತೆಗಳಿವೆ. ಅತಿ ಕಡಿಮೆ ಬದಲಾವಣೆ ಕೇಳುವ ಮರವೇ ಸರಿ ಅನ್ನುವುದು ಸರಳ ದಾರಿ. ಈಗ ಜಾಸ್ತಿ ಬಳಸುವುದು ಸಂಭವನೀಯತೆಯ ಲೆಕ್ಕ: ಯಾವ ಅಕ್ಷರ ಎಷ್ಟು ಸುಲಭವಾಗಿ ಬದಲಾಗುತ್ತದೆ ಅನ್ನುವುದನ್ನು ಸೇರಿಸಿಕೊಂಡು, ನಮ್ಮ ಕೈಯಲ್ಲಿರುವ ಸಾಲುಗಳು ಯಾವ ಮರದಿಂದ ಬಂದಿರುವ ಸಾಧ್ಯತೆ ಹೆಚ್ಚು ಅಂತ ನೋಡುತ್ತಾರೆ.

ತಿಮಿಂಗಿಲಕ್ಕೆ ನೀರಾನೆ ಹತ್ತಿರದ ನೆಂಟ ಅಂತ ಹೇಗೆ ಗೊತ್ತಾಯ್ತು?

ನನಗೆ ಬಹಳ ಇಷ್ಟವಾದ ಕಥೆ ಇದು. ಒಂದೇ ಪ್ರಶ್ನೆಗೆ ಮೂಳೆ, ಡಿಎನ್‌ಎ ಎರಡೂ ಬೇರೆ ಬೇರೆ ಉತ್ತರ ಕೊಟ್ಟು, ಕೊನೆಗೆ ಒಂದಾದವು.

ತಿಮಿಂಗಿಲ ಸಸ್ತನಿ ಅನ್ನುವುದು ಬಹಳ ಹಿಂದೆಯೇ ಗೊತ್ತಿತ್ತು. ನೆಲದ ಮೇಲಿನ ಯಾವ ಪ್ರಾಣಿಯ ಕವಲಿನಿಂದ ಬಂತು ಅನ್ನುವುದೇ ಪ್ರಶ್ನೆ. 1960ರ ದಶಕದಿಂದ ಪಳೆಯುಳಿಕೆ ತಜ್ಞರು ಮೆಸೊನಿಕಿಡ್ ಎಂಬ, ಅಳಿದುಹೋದ ಮಾಂಸಾಹಾರಿ ಗುಂಪಿನ ಕಡೆ ಬೊಟ್ಟು ಮಾಡುತ್ತಿದ್ದರು. ಅವುಗಳ ತ್ರಿಕೋನ ಹಲ್ಲುಗಳು ಹಳೆಯ ತಿಮಿಂಗಿಲಗಳ ಹಲ್ಲಿನ ಹಾಗೇ ಇದ್ದವು.

1990ರ ದಶಕದಲ್ಲಿ ಡಿಎನ್‌ಎ ಬೇರೆ ಮಾತು ಹೇಳಿತು. ತಿಮಿಂಗಿಲ ಹಸು, ಜಿಂಕೆ, ಹಂದಿಗಳಿರುವ ಸಮಸಂಖ್ಯೆಯ ಗೊರಸಿನ ಗುಂಪಿನ ಒಳಗೇ ಬರುತ್ತದೆ, ಅದರಲ್ಲೂ ನೀರಾನೆಯ ಪಕ್ಕದಲ್ಲಿ. ಮೂಳೆ ನೋಡುವವರು ಒಪ್ಪಲಿಲ್ಲ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗಟ್ಟಿ ಸಾಕ್ಷಿ ಇಟ್ಟರು. ಡಿಎನ್‌ಎಯಲ್ಲಿ ಜಿಗಿಯುವ ತುಣುಕುಗಳಿರುತ್ತವೆ. ಅವು ತಮ್ಮ ನಕಲನ್ನು ಎಲ್ಲೆಲ್ಲೋ ಹೋಗಿ ತುರುಕುತ್ತವೆ. ಕೋಟಿಗಟ್ಟಲೆ ಅಕ್ಷರಗಳ ನಡುವೆ ಅದೇ ತುಣುಕು ಅದೇ ಜಾಗದಲ್ಲಿ ಎರಡು ಜೀವಿಗಳಲ್ಲಿ ಬೇರೆ ಬೇರೆಯಾಗಿ ಬಂದು ಕೂರುವುದು ಅಪರೂಪದಲ್ಲಿ ಅಪರೂಪ. ತಿಮಿಂಗಿಲ ಮತ್ತು ನೀರಾನೆಯಲ್ಲಿ ಅಂಥ ತುಣುಕುಗಳು ಒಂದೇ ಜಾಗದಲ್ಲಿದ್ದವು. ಹಸುವಿನಲ್ಲಿ, ಹಂದಿಯಲ್ಲಿ ಆ ಜಾಗಗಳು ಖಾಲಿ. ಬಿಟ್ಟುಹೋದ ಪದ್ಯದ ಮಾತು ನೆನಪಿದೆಯಲ್ಲ, ಇದೂ ಅದೇ.

2001ರಲ್ಲಿ ಮೂಳೆಯೂ ದನಿಗೂಡಿಸಿತು. ಪಾಕಿಸ್ತಾನದಲ್ಲಿ ಸಿಕ್ಕ, ಇನ್ನೂ ಕಾಲಿದ್ದ ಹಳೆಯ ತಿಮಿಂಗಿಲಗಳ ಪಾದದ ಗಂಟಿನ ಮೂಳೆ ಎರಡೂ ತುದಿಯಲ್ಲಿ ರಾಟೆಯ ಆಕಾರದಲ್ಲಿತ್ತು. ಕುರಿ, ಮೇಕೆ, ಹಸು, ಹಂದಿಗಳ ಗುರುತೇ ಅದು. ಮೆಸೊನಿಕಿಡ್‌ಗಳಿಗೆ ಹಾಗಿರಲಿಲ್ಲ. ಹಲ್ಲಿನ ಹೋಲಿಕೆ ರಣಹದ್ದಿನ ಬೋಳುತಲೆಯ ಹಾಗೆ ಮೋಸ ಮಾಡಿತ್ತು.

ಇನ್ನೊಂದು ತುಣುಕು ನಮ್ಮ ದೇಶದ್ದೇ. ಭೂವಿಜ್ಞಾನಿ ಎ. ರಂಗರಾವ್ ಜಮ್ಮು ಕಾಶ್ಮೀರದ ಕಾಲಾಕೋಟ್ ಹತ್ತಿರ ಸಂಗ್ರಹಿಸಿದ್ದ ಕಲ್ಲುಗಳಲ್ಲಿ ಇಂಡೋಹಯಸ್ ಎಂಬ ಪುಟ್ಟ ಗೊರಸಿನ ಪ್ರಾಣಿಯ ಮೂಳೆಗಳಿದ್ದವು. ಅದಕ್ಕೆ 1971ರಲ್ಲಿ ಹೆಸರಿಟ್ಟವರೂ ಅವರೇ. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಆ ಕಲ್ಲುಗಳನ್ನು ಹಾನ್ಸ್ ಥೀವಿಸನ್ ಎಂಬ ವಿಜ್ಞಾನಿಗೆ ಕೊಟ್ಟರು. ಪ್ರಯೋಗಾಲಯದಲ್ಲಿ ಬಿಡಿಸುವಾಗ ಒಂದು ತಲೆಬುರುಡೆಯ ಕಿವಿಯ ಭಾಗ ಅಕಸ್ಮಾತ್ ಮುರಿಯಿತು. ಒಳಗೆ ಕಿವಿಮೂಳೆಯ ಗೋಡೆ ಒಂದು ಬದಿ ದಪ್ಪಗಿತ್ತು. ತಿಮಿಂಗಿಲಗಳಲ್ಲಿ ಕಾಣುವ ರಚನೆ ಅದು! 2007ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಸುಮಾರು 4.8 ಕೋಟಿ ವರ್ಷ ಹಿಂದಿನ, ನೀರಿಗಿಳಿದು ನಡೆದಾಡುತ್ತಿದ್ದ, ಬೆಕ್ಕಿನಷ್ಟು ದೊಡ್ಡ ಪ್ರಾಣಿಯ ಕಿವಿಯಲ್ಲಿ ತಿಮಿಂಗಿಲದ ಗುರುತು. ಆ ಕಲ್ಲುಗಳನ್ನು ಅಷ್ಟು ವರ್ಷ ಜೋಪಾನ ಮಾಡಿದ ಮನೆಯವರನ್ನು ನೆನೆದಾಗೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಅಂದರೆ ನೀರಾನೆಯೇ ತಿಮಿಂಗಿಲ ಆಯ್ತಾ?

ಇಲ್ಲ. ದೊಡ್ಡಪ್ಪನ ಮಗ ನಿಮ್ಮ ಅಜ್ಜ ಅಲ್ಲ, ಅಲ್ವಾ? ಎರಡಕ್ಕೂ ಒಬ್ಬ ಪೂರ್ವಜ ಇದ್ದ, ಅವನು ತಿಮಿಂಗಿಲವೂ ಅಲ್ಲ ನೀರಾನೆಯೂ ಅಲ್ಲ. "ಮಂಗನಿಂದ ಮಾನವ" ಅನ್ನುವ ಮಾತಿನಲ್ಲೂ ಇದೇ ಗೊಂದಲ. ಇವತ್ತಿನ ಚಿಂಪಾಂಜಿ ನಮ್ಮ ಪೂರ್ವಜ ಅಲ್ಲ, ನಮ್ಮಷ್ಟೇ ಕಾಲ ಬದಲಾಗುತ್ತಾ ಬಂದ ದಾಯಾದಿ.

ಮರದ ಚಿತ್ರ ನೋಡುವಾಗ ತುದಿಗಳ ಸಾಲನ್ನು ನೋಡಬೇಡಿ, ಕವಲು ಒಡೆಯುವ ಜಾಗ ನೋಡಿ. ಯಾವ ಕವಲನ್ನು ಬೇಕಾದರೂ ಗೊಂಬೆಯ ಕೈ ತಿರುಗಿಸಿದ ಹಾಗೆ ಆಚೀಚೆ ತಿರುಗಿಸಬಹುದು. ಅರ್ಥ ಬದಲಾಗುವುದಿಲ್ಲ. ತುದಿಯಲ್ಲಿ ಕೊನೆಗೆ ಮನುಷ್ಯನನ್ನು ಬರೆಯುವುದು ಬರೀ ಅಭ್ಯಾಸ.

ಕವಲಿನ ಮೇಲೆ 95, 100 ಅಂತ ಅಂಕೆ ಇರುತ್ತದಲ್ಲ, ಏನದು?

ಸಾಮಾನ್ಯವಾಗಿ ಅದು ಆ ಕವಲು ಎಷ್ಟು ಗಟ್ಟಿ ಅನ್ನುವುದರ ಅಳತೆ. 1985ರಲ್ಲಿ ಜೋ ಫೆಲ್ಸೆನ್‌ಸ್ಟೈನ್ ತಂದ ಉಪಾಯ. ಡಿಎನ್‌ಎ ಸಾಲಿನ ಕಂಬಗಳನ್ನು ಚೀಟಿ ಎತ್ತಿದ ಹಾಗೆ ಎತ್ತಿ, ಎತ್ತಿದ್ದನ್ನು ಮತ್ತೆ ಒಳಗೆ ಹಾಕಿ, ಅಷ್ಟೇ ಉದ್ದದ ಹೊಸ ಸಾಲು ಮಾಡಿ ಮರ ಕಟ್ಟುತ್ತಾರೆ. ನೂರು ಸಲ ಮಾಡಿದಾಗ 95 ಸಲ ಅದೇ ಕವಲು ಬಂದರೆ 95 ಅಂತ ಬರೆಯುತ್ತಾರೆ. 50 ಅಂತಿದ್ದರೆ ಆ ಕವಲಿನ ಮೇಲೆ ಭಾರ ಹಾಕಬೇಡಿ. ಆದರೆ 100 ಇದ್ದ ಮಾತ್ರಕ್ಕೆ ಅದು ಸತ್ಯ ಅಂತಲೂ ಅಲ್ಲ. ಲೆಕ್ಕದ ದಾರಿಯೇ ತಪ್ಪಿದ್ದರೆ ನೂರು ಸಲವೂ ಅದೇ ತಪ್ಪು ಬರುತ್ತದೆ.

ಇಷ್ಟು ಕೋಟಿ ವರ್ಷದ ಹಿಂದೆ ಬೇರೆಯಾದವು ಅಂತ ಹೇಗೆ ಹೇಳುತ್ತಾರೆ?

ಡಿಎನ್‌ಎಯಲ್ಲಿ ಬದಲಾವಣೆಗಳು ಕಾಲ ಕಳೆದಂತೆ ಸೇರುತ್ತಾ ಹೋಗುತ್ತವೆ. ಕಾಲ ಗೊತ್ತಿರುವ ಪಳೆಯುಳಿಕೆಯೊಂದನ್ನು ಇಟ್ಟುಕೊಂಡು ಆ ವೇಗ ಲೆಕ್ಕ ಹಾಕಿದರೆ ಉಳಿದ ಕವಲುಗಳ ಕಾಲವನ್ನೂ ಅಂದಾಜು ಮಾಡಬಹುದು. ಈ ಗಡಿಯಾರದ ವಿಚಾರ ತಂದವರು 1960ರ ದಶಕದಲ್ಲಿ ಎಮಿಲ್ ಜುಕರ್‌ಕಾಂಡಲ್ ಮತ್ತು ಲೈನಸ್ ಪಾಲಿಂಗ್.

ಇದರಿಂದ ಒಂದು ದೊಡ್ಡ ಜಗಳವೇ ಆಯಿತು. ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ ರಾಮಪಿಥೆಕಸ್ ಎಂಬ ವಾನರದ ದವಡೆ ನೋಡಿ, ಮನುಷ್ಯನ ಕವಲು 1.4 ಕೋಟಿ ವರ್ಷ ಹಿಂದೆಯೇ ಬೇರೆಯಾಗಿತ್ತು ಅಂತ ಬಹಳ ಜನ ನಂಬಿದ್ದರು. 1967ರಲ್ಲಿ ವಿನ್ಸೆಂಟ್ ಸಾರಿಚ್ ಮತ್ತು ಅಲನ್ ವಿಲ್ಸನ್ ರಕ್ತದ ಪ್ರೋಟೀನ್ ಹೋಲಿಸಿ, ಆಗಿರುವುದು ಬರೀ 50 ಲಕ್ಷ ವರ್ಷ ಅಂದರು. ಟೀಕೆಗಳ ಸುರಿಮಳೆಯೇ ಆಯಿತು. 1980ರ ದಶಕದ ಆರಂಭದಲ್ಲಿ ಆ ವಾನರದ ಬಳಗದ ಮುಖದ ಮೂಳೆ ಹೆಚ್ಚು ಪೂರ್ತಿಯಾಗಿ ಸಿಕ್ಕಿತು. ನೋಡಿದರೆ ಅದು ಒರಾಂಗುಟಾನ್ ಕಡೆಯದ್ದು! ಈಗಿನ ಅಂದಾಜುಗಳು ಸಾರಿಚ್, ವಿಲ್ಸನ್ ಹೇಳಿದ್ದಕ್ಕಿಂತ ಸ್ವಲ್ಪ ಹಿಂದಕ್ಕೆ ಹೋಗಿವೆ, ಸುಮಾರು 60ರಿಂದ 70 ಲಕ್ಷ ವರ್ಷ.

ಒಂದೊಂದು ಜೀನ್ ಒಂದೊಂದು ಮರ ಕೊಟ್ಟರೆ?

ಕೊಡುತ್ತವೆ. ಮನುಷ್ಯನಿಗೆ ಗೊರಿಲ್ಲಾಗಿಂತ ಚಿಂಪಾಂಜಿ ಹತ್ತಿರ, ಅದರಲ್ಲಿ ಅನುಮಾನವಿಲ್ಲ. ಆದರೂ 2012ರಲ್ಲಿ ಗೊರಿಲ್ಲಾದ ಇಡೀ ಡಿಎನ್‌ಎ ಓದಿದಾಗ, ಅದರ ಶೇಕಡಾ 30ರಷ್ಟು ಭಾಗ ಈ ಕ್ರಮಕ್ಕೆ ಹೊಂದಲಿಲ್ಲ. ಕೆಲವು ಕಡೆ ಗೊರಿಲ್ಲಾ ನಮಗೆ ಹತ್ತಿರ, ಕೆಲವು ಕಡೆ ಚಿಂಪಾಂಜಿಗೆ. ಅಜ್ಜಿಯ ಪೆಟ್ಟಿಗೆಯ ಒಡವೆ ಹಂಚಿದ ಹಾಗೆ ಇದು. ಪೂರ್ವಜರ ಗುಂಪಿನಲ್ಲಿ ಒಂದು ಜೀನಿನ ಎರಡು ಮೂರು ರೂಪಗಳಿದ್ದವು. ಕವಲುಗಳು ಬೇಗ ಬೇಗ ಒಡೆದಾಗ ಯಾವ ರೂಪ ಯಾರ ಪಾಲಿಗೆ ಬಂತು ಅನ್ನುವುದು ಅದೃಷ್ಟ. ಅದಕ್ಕೇ ಒಂದೆರಡು ಜೀನ್ ನೋಡಿ ತೀರ್ಮಾನ ಹೇಳುವ ಕಾಲ ಹೋಯಿತು.

ಬ್ಯಾಕ್ಟೀರಿಯಾಗಳ ಕಥೆ ಇನ್ನೂ ಕಷ್ಟ. ಅವು ಪಕ್ಕದವರಿಂದಲೇ ಜೀನ್ ತೆಗೆದುಕೊಳ್ಳುತ್ತವೆ. ಅಲ್ಲಿ ಮರಕ್ಕಿಂತ ಬಲೆ ಅನ್ನುವುದೇ ಸರಿ.

ನಮ್ಮ ಪಶ್ಚಿಮ ಘಟ್ಟದಲ್ಲಿ ಇಂಥ ಕೆಲಸ ನಡೆದಿದೆಯಾ?

ಕಪ್ಪೆಗಳಲ್ಲಂತೂ ಬೇಕಾದಷ್ಟು. 2003ರಲ್ಲಿ ಕೇರಳದ ಇಡುಕ್ಕಿಯಿಂದ ಒಂದು ಊದಿಕೊಂಡ ಮೈಯ, ಚೂಪು ಮೂತಿಯ ನೇರಳೆ ಬಣ್ಣದ ಕಪ್ಪೆ ವರದಿಯಾಯಿತು. ವರ್ಷದ ಬಹುಕಾಲ ಮಣ್ಣಿನ ಒಳಗೇ ಇರುತ್ತದೆ. ಅದರ ಡಿಎನ್‌ಎ ಹೋಲಿಸಿದಾಗ ಹತ್ತಿರದ ನೆಂಟರು ಸಿಕ್ಕಿದ್ದು ಸಮುದ್ರದಾಚೆ, ಸೀಶೆಲ್ಸ್ ದ್ವೀಪಗಳಲ್ಲಿ! ಕಪ್ಪೆ ಕಡಲು ದಾಟಿ ಬರಲಿಲ್ಲ. ಭಾರತ ಮತ್ತು ಸೀಶೆಲ್ಸ್ ಒಂದು ಕಾಲಕ್ಕೆ ಒಂದೇ ನೆಲ. ಸುಮಾರು 6.5 ಕೋಟಿ ವರ್ಷ ಹಿಂದೆ ಅವು ಬೇರೆಯಾದವು. ಕಪ್ಪೆಯ ವಂಶವೂ ಭೂಮಿಯ ಕಥೆಯೂ ಒಂದನ್ನೊಂದು ಒಪ್ಪುತ್ತವೆ.

ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆಯದ್ದು ಇನ್ನೊಂದು ಬಗೆ. ಗಂಡು ಕಪ್ಪೆ ಕೈಯಲ್ಲಿ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ, ಅದಕ್ಕೇ ಆ ಹೆಸರು. 2014ರಲ್ಲಿ ಅದನ್ನು ಹೊಸ ಪ್ರಭೇದ ಅಂತ ವಿವರಿಸಿದಾಗ ಮೈಕಟ್ಟು, ಕೂಗು, ನಡವಳಿಕೆ, ಡಿಎನ್‌ಎ ಎಲ್ಲವನ್ನೂ ನೋಡಿದ್ದರು.

ಮರ ಬದಲಾಗುತ್ತಲೇ ಇದ್ದರೆ ನಂಬುವುದು ಹೇಗೆ?

ಬದಲಾಗುವುದು ಕೆಲವು ಕೊಂಬೆಗಳು, ಬುಡ ಸಮೇತ ಕಿತ್ತುಬೀಳುವುದು ಅಪರೂಪ. ಅಂಥದ್ದು ಒಮ್ಮೆ ಆಗಿದೆ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್, ಬ್ಯಾಕ್ಟೀರಿಯಾ ಅಂತ ಕರೆಯುತ್ತಿದ್ದ ಕೆಲವು ಜೀವಿಗಳು ಬ್ಯಾಕ್ಟೀರಿಯಾಗಳೇ ಅಲ್ಲ, ಬೇರೆಯೇ ಒಂದು ಕವಲು ಅಂತ ತೋರಿಸಿದರು. ಈಗ ಅವುಗಳನ್ನು ಆರ್ಕಿಯಾ ಅನ್ನುತ್ತೇವೆ. ಅಣಬೆ ಗಿಡಗಳ ಗುಂಪಿನಿಂದ ಪ್ರಾಣಿಗಳ ಪಕ್ಕಕ್ಕೆ ಬಂದದ್ದೂ ಇಂಥ ಹೋಲಿಕೆಯಿಂದಲೇ. ನಾನು ನಂಬುವುದು ಒಂದಕ್ಕೊಂದು ಸಂಬಂಧವಿಲ್ಲದ ಸಾಕ್ಷಿಗಳು ಒಂದೇ ಮಾತು ಹೇಳಿದಾಗ. ತಿಮಿಂಗಿಲದಲ್ಲಿ ಆದದ್ದು ಅದೇ.

ಇದರಿಂದ ನಮಗೇನು ಉಪಯೋಗ?

ಮಲೆನಾಡಿನವರಿಗೆ ಮಂಗನ ಕಾಯಿಲೆ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದಾಗ, ಹಳದಿ ಜ್ವರ ಭಾರತಕ್ಕೆ ಬಂತೇ ಅಂತ ದೊಡ್ಡ ಆತಂಕ. ಹಳದಿ ಜ್ವರ ಹರಡುವುದು ಸೊಳ್ಳೆಯಿಂದ. ಪರೀಕ್ಷೆ ಮಾಡಿದಾಗ ಈ ವೈರಸ್ ರಷ್ಯಾದ ಕಡೆ ಉಣ್ಣೆಯಿಂದ (ರಕ್ತ ಹೀರುವ ಉಣುಗಿನಿಂದ) ಹರಡುವ ಮಿದುಳುಜ್ವರದ ವೈರಸ್‌ಗಳ ಬಳಗ ಅಂತ ತಿಳಿಯಿತು. ಕಣ್ಣು ಉಣ್ಣೆಯ ಕಡೆ ಹೋಯಿತು. ನೆಂಟರು ಯಾರು ಅಂತ ತಿಳಿದರೆ ಎಲ್ಲಿ ಹುಡುಕಬೇಕು ಅಂತ ತಿಳಿಯುತ್ತದೆ. ಎಚ್‌ಐವಿ ಚಿಂಪಾಂಜಿಯ ವೈರಸ್‌ನಿಂದ ಬಂದದ್ದು ಅಂತ ಗೊತ್ತಾದದ್ದೂ, ಕೊರೊನಾದ ರೂಪಾಂತರಗಳನ್ನು ವಿಂಗಡಿಸಿದ್ದೂ ಹೀಗೇ ಮರ ಕಟ್ಟಿ.

ಪ್ರಯೋಗಾಲಯ ಇಲ್ಲದೆ ಮನೆಯಲ್ಲೇ ಏನಾದರೂ ನೋಡಬಹುದಾ?

ಧಾರಾಳವಾಗಿ. ಡಬ್ಬಿಯಿಂದ ನಾಲ್ಕು ಲವಂಗ ತೆಗೆದು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಮೆತ್ತಗಾದ ಮೇಲೆ ಗಮನವಿಟ್ಟು ನೋಡಿ. ಲವಂಗ ಅಂದರೆ ಅರಳದ ಮೊಗ್ಗು. ಮೇಲಿನ ಗುಂಡು ಮುಚ್ಚಿಕೊಂಡ ದಳಗಳು. ಅದನ್ನು ಮೆಲ್ಲಗೆ ಕಿತ್ತರೆ ಒಳಗೆ ಮಡಚಿಕೊಂಡ ಕೇಸರಗಳು ಕಾಣುತ್ತವೆ. ಗುಂಡಿನ ಸುತ್ತ ನಾಲ್ಕು ಪುಟ್ಟ ಹಲ್ಲುಗಳು, ಅದೇ ಪುಷ್ಪಪಾತ್ರೆ. ಕೆಳಗೆ ತೊಟ್ಟಿನ ಹಾಗೆ ಕಾಣುವ ಭಾಗವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಆ ಹಲ್ಲುಗಳಿಗಿಂತ ಸ್ವಲ್ಪ ಕೆಳಗೆ ಸಣ್ಣ ಕೋಣೆ ಸಿಗುತ್ತದೆ. ಅದು ಅಂಡಾಶಯ. ಈಗ ಪಕ್ಕದಲ್ಲಿ ಒಂದು ಸೀಬೆಹಣ್ಣು ಇಟ್ಟು, ಅದರ ಕಿರೀಟ ಎಲ್ಲಿದೆ ನೋಡಿ.